ಒಂದು ಬೆರಳು ದೂರದ ಕಪಾಳಮೋಕ್ಷ

ನಮ್ಮ ಮಾವ ಒಬ್ಬನೇ ಒಬ್ಬ ಮನುಷ್ಯನ ಕಪಾಳಕ್ಕೆ ಹದಿನೈದಿಪ್ಪತ್ತು ವರ್ಷ ಬಾರಿಸಿದ್ದಾರೆ. ಕದ್ದುಮುಚ್ಚಿ ಅಲ್ಲ. ಮೈಕು ಕಟ್ಟಿಸಿ, ಸೀರಿಯಲ್ ಸೆಟ್ ಲೈಟು ಹಾಕಿಸಿ, ಹೆಂಗಸರು ಮಕ್ಕಳ ಎದುರಿಗೇ ಬಾರಿಸಿದ್ದಾರೆ. ಇಷ್ಟಾದರೂ ಅವರ ಮೇಲೆ ಒಂದು ಪೊಲೀಸ್ ಕಂಪ್ಲೇಂಟಿಲ್ಲ. ಹೊಡೆಸಿಕೊಂಡ ಮಹಾನುಭಾವರೋ, ಪ್ರತಿ ಭಾನುವಾರ ತಪ್ಪದೆ ಮಾವನ ಮನೆಗೆ ಬಂದು, ಅತ್ತೆ ಮಾಡಿದ ದೋಸೆ ತಿಂದು, "ಚಟ್ನಿಗೆ ಉಪ್ಪು ಸಾಲ್ದು ಅತ್ತಿಗೆ" ಎಂದು ಹೇಳಿ ಹೋಗುತ್ತಾರೆ. ಹೊಡೆದವನ ಮನೆಗೇ ಬಂದು ಚಟ್ನಿಗೆ ಹೆಸರಿಡುವ ಧೈರ್ಯ ಬೇರೆ ಯಾರಿಗಿದೆ ಹೇಳಿ?

ಇನ್ನೊಂದು ಮಾತು ಹೇಳಿದರೆ ನೀವು ನಂಬುವುದಿಲ್ಲ. ಇಷ್ಟು ವರ್ಷದಲ್ಲಿ ವೇದಿಕೆಯ ಮೇಲೆ ಮಾವನ ಕೈ ಆ ಕೆನ್ನೆಗೆ ಒಂದು ಸಲವೂ ತಾಗಿಲ್ಲ.

ಮೊದಲು ಇಬ್ಬರ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಗಿರಿನಗರದ ನಮ್ಮ ಮನೆಯ ಮಹಡಿಯ ಮೇಲೆ ಅವರ ಸಂಸಾರ. ಹಗಲು ಹೊತ್ತು ಕರೆಂಟ್ ಬಿಲ್ ಕಟ್ಟಿಸಿಕೊಳ್ಳುವ ಕೌಂಟರಿನ ಹಿಂದೆ ಕೂರುತ್ತಿದ್ದರು. ಆಳು ಎತ್ತರ, ಮುಖ ಮಾತ್ರ ಥೇಟ್ ಮೀಟರ್ ಬೋರ್ಡು. ಒಳಗೆ ಏನೋ ತಿರುಗುತ್ತಿರುತ್ತದೆ, ಹೊರಗೆ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಎರಡನೆಯವರು ಜಯನಗರದಲ್ಲಿ ಟೈಲರ್ ಅಂಗಡಿ ಇಟ್ಟವರು. ಕುಳ್ಳಗೆ, ಗುಂಡಗೆ, ಮದುವೆ ಮನೆಗೆ ಬಂದರೂ ಕುತ್ತಿಗೆಗೆ ಅಳತೆ ಟೇಪು. ಅವರಿಗೂ ತಂದೆತಾಯಿ ಇಟ್ಟ ಚಂದದ ಹೆಸರೊಂದಿದೆ, ಆದರೆ ನಮ್ಮ ಬೀದಿಯಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. "ನಿಮ್ಮ ಜೋಡಿ ಬಂದ್ರು ನೋಡಿ" ಎಂದು ಅತ್ತೆ ಮಾವನಿಗೆ ಕೂಗಿ ಹೇಳುತ್ತಿದ್ದುದನ್ನು ಕೇಳಿ ಕೇಳಿ ನಾವೂ ಅವರನ್ನು ಜೋಡಿ ಅಂಕಲ್ ಎಂದೇ ಕರೆದೆವು. ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆಯುತ್ತಿದ್ದರು.

ಈ ಜೋಡಿ ಹುಟ್ಟಿದ್ದು ಒಂದು ಪ್ಯಾಂಟಿನಿಂದ. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇತ್ತು. ಗಾಯಕರು ಬರುವುದು ತಡವಾಗಿ, ಖಾಲಿ ವೇದಿಕೆಯ ಮೇಲೆ ಮೈಕು ಮಾತ್ರ ನಿಂತಿತ್ತು. ಮಾವ ಆ ಹಬ್ಬಕ್ಕೆಂದೇ ಹೊಲಿಸಿದ್ದ ಪ್ಯಾಂಟು ಕಣಕಾಲಿನಿಂದ ಮೇಲಕ್ಕೇ ನಿಂತುಬಿಟ್ಟಿತ್ತು. ಅದನ್ನು ಹೊಲಿದ ಟೈಲರು ವೇದಿಕೆಯ ಪಕ್ಕದಲ್ಲೇ ಕೋಸಂಬರಿ ತಿನ್ನುತ್ತಾ ಸಿಕ್ಕಿಬಿಟ್ಟರು. ಮಾತಿಗೆ ಮಾತು ಬೆಳೆದು, ಇಬ್ಬರೂ ಹಿಂದೆ ಮುಂದೆ ಸರಿಯುತ್ತಾ ಮೆಟ್ಟಿಲು ಹತ್ತಿ ಮೈಕಿನ ಮುಂದೆ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಏನ್ರೀ ಇದು, ಪ್ಯಾಂಟೋ ಚಡ್ಡಿಯೋ?"

"ಪ್ಯಾಂಟ್ ಕರೆಕ್ಟಾಗಿದೆ ಸಾರ್. ಅಳತೆ ಕೊಟ್ಮೇಲೆ ನೀವ್ ಬೆಳ್ದಿದೀರ."

ಮಾವನಿಗೆ ಆಗ ಮೂವತ್ತೈದು ದಾಟಿತ್ತು. ಮೈಕಿನಲ್ಲಿ ಇದನ್ನು ಕೇಳಿದ ಇಡೀ ಪೆಂಡಾಲು ಗೊಳ್ಳೆಂದಿತು. ರೇಗಿದ ಮಾವ ಕೈ ಎತ್ತಿ ಬೀಸಿಯೇಬಿಟ್ಟರು. ಆದರೆ ಮೂಲತಃ ಯಾರಿಗೂ ಹೊಡೆಯುವ ಜನ್ಮವಲ್ಲ ಅದು. ಕೈ ಕೆನ್ನೆಗೆ ಒಂದು ಬೆರಳು ದೂರದಲ್ಲಿ ತಾನಾಗಿಯೇ ನಿಂತಿತು. ಅದೇ ಕ್ಷಣಕ್ಕೆ ಟೈಲರು ಹೆದರಿ "ತಪ್ಪಾಯ್ತು ಸಾರ್" ಎಂದು ಕೈ ಮುಗಿಯಲು ಹೋದರು. ಹೆದರಿಕೆಯಲ್ಲಿ ಅಂಗೈಗಳು ಜೋರಾಗಿ ಬಡಿದುಕೊಂಡು 'ಚಟಾರ್' ಎಂದವು. ಮೈಕು ಅದನ್ನು ಹತ್ತು ಪಾಲು ಮಾಡಿ ಗಿರಿನಗರಕ್ಕೆಲ್ಲ ಹಂಚಿತು. ಕಪಾಳಕ್ಕೇ ಬಿತ್ತು ಎಂದುಕೊಂಡ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಂದ್ ಸಲ" ಎಂದು ಹಿಂದಿನಿಂದ ಯಾರೋ ಕೂಗಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೊಂದು ಸಲ ಮಾಡಿದರು. ಆಮೇಲೆ ನಿಲ್ಲಿಸಲೇ ಇಲ್ಲ.

ಹೀಗೆ ತಡೆದ ಕೈಯಿಂದಲೂ ಮುಗಿಯಲು ಹೋದ ಕೈಗಳಿಂದಲೂ ಒಂದು ಕಲೆ ಹುಟ್ಟಿತು. ಬ್ಯಾನರಿನ ಮೇಲೆ 'ಕಪಾಳ-ಚಪ್ಪಾಳೆ ಜೋಡಿ' ಎಂದು ಬರೆಸಿದರು. ಅದರ ವಿದ್ಯೆ ಇಷ್ಟೇ. ಮಾವನ ಕೈ ಭುಜದಿಂದ ಬೀಸಿ ಬಂದು ಕೆನ್ನೆಗೆ ಒಂದು ಬೆರಳು ದೂರದಲ್ಲಿ ನಿಲ್ಲಬೇಕು. ಅದೇ ಗಳಿಗೆಗೆ ಜೋಡಿ ಅಂಕಲ್ ಸೊಂಟದ ಪಕ್ಕ, ಜನರಿಗೆ ಕಾಣದ ಹಾಗೆ ಚಪ್ಪಾಳೆ ತಟ್ಟಿ, ಕತ್ತು ತಿರುಗಿಸಿ, ಗಿರಗಿರನೆ ಸುತ್ತಿ ಬೀಳಬೇಕು. "ಏಟು ನಂದು, ಸದ್ದು ಅವನದು" ಎಂದು ಮಾವ ಹೇಳುವಾಗ ಮೀಟರ್ ಬೋರ್ಡಿನಲ್ಲಿ ಒಂದು ಸಣ್ಣ ದೀಪ ಹತ್ತುತ್ತಿತ್ತು.

ಭಾನುವಾರ ತಿಂಡಿಯಾದ ಮೇಲೆ ತಾರಸಿಯ ಮೇಲೆ ಪ್ರಾಕ್ಟೀಸು. ಎದುರು ಮನೆಗೆ ಗದಗಿನ ಕಡೆಯಿಂದ ಹೊಸದಾಗಿ ಬಾಡಿಗೆಗೆ ಬಂದ ಒಬ್ಬರು ಹಲ್ಲುಜ್ಜುತ್ತಾ ಈಚೆ ನೋಡಿದವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಮ್ಮ ತಾರಸಿಗೆ ಓಡಿ ಬಂದರು.

"ಏನ್ರೀ ಸರ, ಪಾಪ ಅವರ್ನ ಯಾಕ ಬಡೀಲಿಕ್ಕತ್ತೀರಿ? ಏನರ ಇದ್ರ ಕುಂತು ಮಾತಾಡಿ ಬಗೀಹರಿಸ್ಕೋರಿ."

ಜೋಡಿ ಅಂಕಲ್ ನೆಲದಿಂದ ಎದ್ದು ಧೂಳು ಕೊಡವಿಕೊಂಡರು. "ನೀವ್ ಮಧ್ಯ ಬರ್ಬೇಡಿ ಸಾರ್. ನಂಗಿನ್ನೂ ಬೇಜಾನ್ ಏಟು ಬಾಕಿ ಇದೆ."

"ಬೆಂಗಳೂರಾಗ ಹಿಂಗೂ ಇರ್ತದೇನ್ರೀ?" ಎಂದು ಅವರು ನನ್ನನ್ನು ಕೇಳಿದರು. ಇರುತ್ತದೆ ಎಂದೆ. ಅವರ ಮನೆಯ ಆ ಕಡೆ ಕಿಟಕಿ ಎಷ್ಟೋ ದಿನ ತೆರೆಯಲಿಲ್ಲ.

ಅಭ್ಯಾಸ ಎಂಬುದು ಎಂಥ ಭಯಂಕರ ವಸ್ತು ಎಂದು ನನಗೆ ಗೊತ್ತಾದದ್ದು ಮಾವನಿಂದ. ಒಂದು ಬೆರಳು ದೂರದಲ್ಲಿ ನಿಂತು ನಿಂತು ಅವರ ಬಲಗೈಗೆ ಯಾವುದಕ್ಕೂ ಬಡಿಯುವುದೇ ಮರೆತುಹೋಯಿತು. ಸೊಳ್ಳೆ ಹೊಡೆಯಲು ಹೋದರೆ ಕೈ ವೀರಾವೇಶದಿಂದ ಬೀಸುತ್ತಿತ್ತು, ಸೊಳ್ಳೆಗೆ ಒಂದು ಬೆರಳು ಮೇಲೆ ಗಕ್ಕನೆ ನಿಲ್ಲುತ್ತಿತ್ತು. ಸೊಳ್ಳೆ ಆ ನೆರಳಿನಲ್ಲಿ ತಂಪಾಗಿ ಕುಳಿತು ಊಟ ಮುಗಿಸಿ, ಬಾಯಿ ಒರೆಸಿಕೊಂಡು ಹೋಗುತ್ತಿತ್ತು. ಬೇರೆ ಬಡಾವಣೆಯ ಸೊಳ್ಳೆಗಳೂ ವಿಷಯ ತಿಳಿದು ಇಲ್ಲಿಗೇ ಬರುತ್ತವೆ ಎಂದು ಅತ್ತೆಯ ಅನುಮಾನ. ಮನೆಯ ಬಾಗಿಲು ತಟ್ಟುವುದೂ ಅದೇ ಕಥೆ. ಆಫೀಸಿನಿಂದ ಬಂದು ಬಾಗಿಲಿಗೆ ಒಂದು ಬೆರಳು ದೂರದಲ್ಲಿ ಗಾಳಿಯನ್ನು ತಟ್ಟಿ ನಿಂತಿರುತ್ತಿದ್ದರು. ಅತ್ತೆ ಕಸ ಹಾಕಲು ಬಾಗಿಲು ತೆಗೆದಾಗ ದರ್ಶನ.

"ಎಷ್ಟೊತ್ತಾಯ್ತು ಬಂದು? ತಟ್ಟೋಕೇನ್ ರೋಗ ನಿಮ್ಗೆ?"

"ತಟ್ಟಿದ್ನಲ್ಲೇ."

"ಸದ್ದು?"

"ಸದ್ದು ನಂದಲ್ವಲ್ಲ."

ಕೊನೆಗೆ ಅತ್ತೆ ಬಾಗಿಲಿಗೆ ಹಗ್ಗ ಎಳೆಯುವ ಗಂಟೆ ಕಟ್ಟಿಸಿದರು. ಬೇಕಾದರೆ ಈಗಲೂ ಬಂದು ನೋಡಬಹುದು.

ಜನಪ್ರಿಯತೆಯಲ್ಲಿ ಮಾತ್ರ ಮಾವನಿಗೆ ಯಾವಾಗಲೂ ಮೋಸ. ಹೊಡೆಸಿಕೊಂಡವನ ಮೇಲೆ ಜನಕ್ಕೆ ಪ್ರೀತಿ, ಹೊಡೆದವನ ಮೇಲೆ ಕೋಪ. ಜಯನಗರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೌಕಾಸಿ ಮಾಡಿದರೆ, "ಆ ಪಾಪದ ಮನುಷ್ಯನ್ನ ಹೊಡೀತೀರಲ್ಲ, ನಿಮ್ಗ್ ಕಮ್ಮಿ ಮಾಡಲ್ಲ ಹೋಗಿ" ಎಂದು ಬಿಡುತ್ತಿದ್ದರು. ಒಮ್ಮೆ ತಲಘಟ್ಟಪುರದಲ್ಲಿ ಒಬ್ಬ ಗೌಡರ ಮನೆಯ ಗೃಹಪ್ರವೇಶಕ್ಕೆ ಇವರ ಕಾರ್ಯಕ್ರಮ ಇತ್ತು, ನಾನೂ ಜೊತೆಗೆ ಹೋಗಿದ್ದೆ. ಮೂರನೇ ಏಟಿಗೆ ಮುಂದಿನ ಸಾಲಿನಿಂದ ಗೌಡರ ತಾಯಿ ಎದ್ದು ನಿಂತರು.

"ಅಯ್ಯೋ ನಿನ್ ಕೈ ಸೇದೋಗ. ಮಗ ಏನ್ ಮಾಡ್ತು ಅಂತ ಹಂಗ್ ಬಡೀತೀಯಲಾ? ಇನ್ನೊಂದ್ ಏಟ್ ಹಾಕು, ನಾನೇ ಬತ್ತೀನಿ ಮ್ಯಾಕ್ಕೆ."

'ಮಗ' ಎನಿಸಿಕೊಂಡ ಜೋಡಿ ಅಂಕಲ್‌ಗೆ ಆಗಲೇ ತಲೆ ಬೆಳ್ಳಗಾಗತೊಡಗಿತ್ತು. ಊಟಕ್ಕೆ ಕೂತಾಗ ಅಜ್ಜಿ ಅವರ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿ ತುಪ್ಪ ಸುರಿದರು. ಪಕ್ಕದ ಎಲೆಯನ್ನು ದಾಟಿ ಮುಂದಕ್ಕೆ ಹೋದರು. ಮಾವ "ಅಜ್ಜೀ" ಎಂದು ಮೆತ್ತಗೆ ಕರೆದರೆ, "ನಿಂಗ್ಯಾಕಪ್ಪ ಒಬ್ಬಟ್ಟು, ಈಗ್ಲೇ ಅಷ್ಟ್ ಸಕ್ತಿ ಐತೆ" ಎಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಘೋಷಿಸಿದರು. "ಮುಂದಿನ ಸಲದಿಂದ ನಾನ್ ತಿಂತೀನಿ ಏಟು. ನೀನ್ ಹೊಡಿ."

"ಬ್ಯಾಡ ಗುರು. ನಿನ್ ಮುಖ ನೋಡಿದ್ರೆ ಜನ ಇನ್ನೆರಡು ಹಾಕು ಅಂತಾರೆ."

ಹೀಗೆಂದ ಜೋಡಿ ಅಂಕಲ್ ತಾವೇ ಹೊಲಿದುಕೊಂಡ ಜುಬ್ಬಾದ ದೊಡ್ಡ ಜೇಬಿಗೆ ಕೈ ಹಾಕಿ, ಬಾಳೆ ಎಲೆಯಲ್ಲಿ ಮಡಿಸಿಟ್ಟಿದ್ದ ಎರಡು ಒಬ್ಬಟ್ಟು ತೆಗೆದು ಮಾವನ ತೊಡೆಯ ಮೇಲೆ ಇಟ್ಟರು. ಜುಬ್ಬಾಕ್ಕೆ ಅಷ್ಟು ದೊಡ್ಡ ಜೇಬು ಯಾಕೆ ಎಂದು ನನಗೆ ಅಂದು ಅರ್ಥವಾಯಿತು.

ಇಷ್ಟೆಲ್ಲ ಇದ್ದರೂ ಇಬ್ಬರಿಗೂ ಒಂದು ಕೊರಗು ಇತ್ತು. ಸಿನಿಮಾದಲ್ಲಿ ಕಾಣಿಸಿಕೊಳ್ಳಬೇಕು. ದೊಡ್ಡ ಪಾತ್ರವೇನೂ ಬೇಡ, ಹೆಸರು ಬರದಿದ್ದರೂ ಪರವಾಗಿಲ್ಲ. ಆದರೆ ಇಬ್ಬರೂ ಒಟ್ಟಿಗೆ, ಒಂದೇ ಫ್ರೇಮಿನಲ್ಲಿ. ಈ ಷರತ್ತನ್ನು ಹೊತ್ತುಕೊಂಡು ಬಿಡುವಾದಾಗಲೆಲ್ಲ ಗಾಂಧಿನಗರದ ಆಫೀಸುಗಳ ಮೆಟ್ಟಿಲು ಹತ್ತಿದರು. ಸ್ಟುಡಿಯೋದಲ್ಲಿ ಏಟಿನ ಫೋಟೋ ತೆಗೆಸಿದರೆ, ಕೈಗೂ ಕೆನ್ನೆಗೂ ನಡುವೆ ಒಂದು ಬೆರಳು ಜಾಗ ಢಾಳಾಗಿ ಕಾಣುತ್ತಿತ್ತು. ಒಬ್ಬ ಪ್ರೊಡಕ್ಷನ್ ಮ್ಯಾನೇಜರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಾರ್ ಇದು, ಇವ್ರಿಗೆ ನೀವು ಶೇವಿಂಗ್ ಮಾಡ್ತಿದೀರಾ?" ಎಂದರಂತೆ. ಇನ್ನೊಬ್ಬರು, "ದಪ್ಪ ಇರೋರ್ಗೆ ಒಂದು ಪಾತ್ರ ಇದೆ. ನೀವು ಬೇಡ" ಎಂದರಂತೆ. ದಪ್ಪ ಇರೋರು ಕೂಡಲೇ ಎದ್ದು, "ಉದ್ದ ಇರೋರು ಇಲ್ದಿದ್ರೆ ದಪ್ಪ ಇರೋರು ಇಲ್ಲ" ಎಂದು ಮಾವನ ತೋಳು ಹಿಡಿದು ಹೊರಗೆ ಬಂದರಂತೆ.

ಒಂದು ಸಲ ಮದುವೆ ಊಟದ ಪಂಕ್ತಿಯಲ್ಲಿ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರು. ಬಿಡುಗಡೆಯ ದಿನ ನಾವು ಇಡೀ ಮನೆಯವರು ಥಿಯೇಟರಿಗೆ ದಂಡೆತ್ತಿ ಹೋದೆವು. ಪಂಕ್ತಿ ಬಂತು. ಸರಿಯಾಗಿ ಅದೇ ಹೊತ್ತಿಗೆ ಹೀರೋ ಅನ್ನ ಕಲಸಲು ಮೊಣಕೈ ಎತ್ತಿದರು. ಒಂದು ಕಡೆ ಜೋಡಿ ಅಂಕಲ್‌ರ ಕಿವಿ ಕಂಡಿತು. ಅತ್ತೆ ಮಾತ್ರ ಹೆಮ್ಮೆಯಿಂದ ಪಕ್ಕದ ಸೀಟಿನ ಹೆಂಗಸಿಗೆ ಪರಿಚಯ ಮಾಡಿಕೊಟ್ಟರು. "ಆ ಮೊಣಕೈ ಹಿಂದೆ ಇರೋರು ನಮ್ಮೆಜಮಾನ್ರು."

ಆ ಹೊತ್ತಿಗೆ ನಾನೂ ಬೆಳೆದು ಡಿಗ್ರಿ ಕಾಲೇಜಿಗೆ ಬಂದಿದ್ದೆ. ಬಿಟಿಎಂ ಲೇಔಟಿನ ಒಂದು ಸಿಡಿ ಅಂಗಡಿಯಿಂದ ವಿದೇಶದ ಹಳೆಯ ಮೂಕಿ ಹಾಸ್ಯಚಿತ್ರಗಳನ್ನು ತಂದು ತಂದು ನೋಡಿ, ಗುರುವಿಲ್ಲದೆ ಹಾಸ್ಯಪಂಡಿತೆಯಾಗಿದ್ದೆ. ಯಾರೂ ಕೇಳದಿದ್ದರೂ ಉಪನ್ಯಾಸ ಕೊಡುವುದು ನನ್ನ ಹುಟ್ಟುಗುಣ.

"ಅಲ್ಲೂ ಹೀಗೇ ಅಂತೆ ಮಾವ. ಸ್ಟೇಜ್ ಮೇಲೆ ನಗಿಸ್ತಿದ್ದ ಜೋಡಿಗಳು ಸಿನಿಮಾಕ್ಕೆ ಹೋದಾಗ ಮೊದ್ಲು ತುಂಬಾ ಒದ್ದಾಡಿದ್ರಂತೆ."

"ಆಮೇಲೆ?"

"ಆಮೇಲೆ ಕೆಲವ್ರು ಗೆದ್ರು."

"ಮಿಕ್ಕೋರು?"

"ಅವ್ರ ಸಿಡಿ ಸಿಗಲ್ಲ ಮಾವ."

ಮಾವ ಕೈಯಲ್ಲಿದ್ದ ಸಿಡಿಯನ್ನು ಡಬ್ಬಿಗೆ ಹಾಕಿಟ್ಟರು. ಜೋಡಿ ಅಂಕಲ್ ಮಾತ್ರ, "ನಮ್ದು ಸಿಗುತ್ತೆ ಪುಟ್ಟಿ, ನೀನು ಅಂಗಡಿಯವ್ನಿಗೆ ಜಾಗ ಇಟ್ಕೊಂಡಿರೋಕ್ ಹೇಳು" ಎಂದರು.

ಸಿಗುವ ಕಾಲವೂ ಬಂತು. ಬನಶಂಕರಿಯಲ್ಲಿ ಒಂದು ಗಣೇಶನ ಪೆಂಡಾಲು ಎಂದಿನಂತೆ ಅರ್ಧ ರಸ್ತೆ ನುಂಗಿ ನಿಂತಿತ್ತು. ಅದರಿಂದಾದ ಟ್ರಾಫಿಕ್ ಜಾಮಿನಲ್ಲಿ ಒಬ್ಬ ಸಿನಿಮಾ ನಿರ್ದೇಶಕರ ಕಾರು ಸಿಕ್ಕಿಕೊಂಡಿತು. ಬೈಯುತ್ತಾ ಗಾಜು ಇಳಿಸಿದವರ ಕಿವಿಗೆ 'ಚಟಾರ್' ಬಿತ್ತು. ವೇದಿಕೆಯ ಕಡೆ ನೋಡಿದರು, ನಕ್ಕರು, ದಾರಿ ಬಿಟ್ಟ ಮೇಲೂ ಹೋಗದೆ ನಕ್ಕರು, ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸುಸ್ತಾದ. ಕಾರ್ಯಕ್ರಮ ಮುಗಿದ ಮೇಲೆ ಬಂದು ಇಬ್ಬರ ಕೈಯನ್ನೂ ಕುಲುಕಿದರು. "ಒಂದು ಸೀನಿದೆ. ಹೋಟೆಲ್ ಓನರು, ಸಪ್ಲೈಯರು. ಇಬ್ರೂ ಬೇಕು."

ಇಬ್ರೂ ಬೇಕು! ಈ ಎರಡು ಪದಕ್ಕೆ ಇವರು ಎಷ್ಟು ವರ್ಷ ಮೆಟ್ಟಿಲು ಹತ್ತಿದ್ದರು ನೋಡಿ. ಜೋಡಿ ಅಂಕಲ್ ಅಂಗಡಿಯ ಬೇರೆ ಎಲ್ಲ ಕೆಲಸ ಬದಿಗಿಟ್ಟು ಓನರ್ ಪಾತ್ರಕ್ಕೆ ಒಂದು ಕಂದು ಕೋಟು ಹೊಲಿದರು. ಪ್ಯಾಂಟಿನ ಅಳತೆಯನ್ನು ಮೂರು ಸಲ ತೆಗೆದುಕೊಂಡರು. "ಈ ಸಲ ಬೆಳೆದ್ರೂ ಪರ್ವಾಗಿಲ್ಲ, ಕೋಟಿಗೂ ಪ್ಯಾಂಟಿಗೂ ಒಳಗೆ ಬಟ್ಟೆ ಮಡಚಿ ಬಿಟ್ಟಿದೀನಿ" ಎಂದರು. ಮಾವ ಕೌಂಟರಿನಲ್ಲಿ ಬಿಲ್ಲು ಕಟ್ಟಲು ಬಂದವರಿಗೆಲ್ಲ ತಮ್ಮ ಡೈಲಾಗು ಒಪ್ಪಿಸಿದರು. ಅತ್ತೆ ಕ್ಯಾರಿಯರ್ ತುಂಬ ಚಿತ್ರಾನ್ನ ಕಟ್ಟಿಕೊಟ್ಟರು. ಹಾಸ್ಯಪಂಡಿತೆ ಎಂಬ ಅರ್ಹತೆಯ ಮೇಲೆ ನಾನೂ ಹೊರಟೆ.

ಶೂಟಿಂಗು ತಲಘಟ್ಟಪುರ ದಾಟಿ ಒಂದು ತೋಟದ ಮನೆಯಲ್ಲಿ. ಅದರ ಮುಂದೆ ಸುಳ್ಳು ಹೋಟೆಲು, ಸುಳ್ಳು ಬೋರ್ಡು, ನಿಜವಾದ ಕಾಫಿ. ಸಪ್ಲೈಯರು ಹೀರೋ ಮೇಲೆ ಕಾಫಿ ಚೆಲ್ಲುತ್ತಾನೆ. ಓನರು ಬಂದು "ಕಣ್ ಕಾಣಲ್ವೇನೋ?" ಎನ್ನುತ್ತಾನೆ. "ನಂಗ್ ಕಾಣುತ್ತೆ ಸಾರ್, ಕಾಫಿಗ್ ಕಾಣಲ್ಲ" ಎನ್ನುತ್ತಾನೆ ಸಪ್ಲೈಯರು. ಕಪಾಳಕ್ಕೆ ಒಂದು ಬೀಳುತ್ತದೆ. ಇಷ್ಟೇ ಸೀನು.

ಮೊದಲ ಸಲಕ್ಕೇ ಡೈಲಾಗು ಬೊಂಬಾಟಾಗಿ ಬಂತು. ಮಾವ ಬೀಸಿದರು. ಜೋಡಿ ಅಂಕಲ್ ಚಪ್ಪಾಳೆ ತಟ್ಟಿ ಗಿರಗಿರನೆ ಸುತ್ತಿ ಬಿದ್ದರು. ಲೈಟಿನ ಹುಡುಗರೆಲ್ಲ ನಕ್ಕರು. ನಿರ್ದೇಶಕರು ಮಾತ್ರ ಮಾನಿಟರಿನಲ್ಲಿ ಮುಖ ಹುದುಗಿಸಿ, "ಸಾರ್, ಗ್ಯಾಪ್ ಕಾಣ್ತಿದೆ" ಎಂದರು.

ಪೆಂಡಾಲಿನಲ್ಲಿ ಜನ ದೂರದಲ್ಲಿ ಎದುರಿಗೆ ಕೂತಿರುತ್ತಾರೆ. ಕ್ಯಾಮೆರಾ ಹಾಗಲ್ಲ, ಮದುವೆ ಮನೆಯ ನೆಂಟರ ಹಾಗೆ ಮುಖದ ಹತ್ತಿರಕ್ಕೇ ಬಂದು ಪಕ್ಕದಿಂದ ಇಣುಕುತ್ತದೆ. ಒಂದು ಬೆರಳು ಜಾಗ ಅದಕ್ಕೆ ಕನಕಪುರ ರೋಡಿನಷ್ಟು ಅಗಲ ಕಂಡಿತು.

"ಚಪ್ಪಾಳೆ ಬೇಡ ಸಾರ್, ಸದ್ದು ನಾವ್ ಆಮೇಲ್ ಹಾಕ್ಕೋತೀವಿ" ಎಂದರು ನಿರ್ದೇಶಕರು. ಜೋಡಿ ಅಂಕಲ್ ಒಪ್ಪಿಕೊಂಡರು. ಕೈಗಳು ಒಪ್ಪಲಿಲ್ಲ. ಮಾವನ ಕೈ ಬಂದ ಕೂಡಲೇ ತಾವಾಗಿಯೇ ಬಡಿದುಕೊಂಡವು. ಕೈಗೆ ಕೆಲಸ ಕೊಡೋಣ ಎಂದು ಕಾಫಿ ಲೋಟಗಳ ತಟ್ಟೆ ಹಿಡಿಸಿದರು. ಈ ಸಲ ತಟ್ಟೆಯನ್ನೂ ಬಿಟ್ಟು ಚಪ್ಪಾಳೆ ತಟ್ಟಿದರು. ಹೀರೋಗೆ ಸ್ಕ್ರಿಪ್ಟಿನಲ್ಲಿ ಇದ್ದುದಕ್ಕಿಂತ ಜಾಸ್ತಿ ಕಾಫಿ ಬಿತ್ತು. ಅವರು ಅಂಗಿ ಬದಲಿಸಲು ಹೋದರು.

"ನಿಜವಾಗ್ಲೂ ಒಂದು ಹಾಕ್ಬಿಡಿ ಸಾರ್. ಒಂದೇ ಏಟು. ಮುಗ್ದೋಯ್ತು" ಎಂದರು ನಿರ್ದೇಶಕರು.

ಮಾವ ಪಂಚೆಯಲ್ಲಿ ಇದ್ದಿದ್ದರೆ ಎತ್ತಿ ಕಟ್ಟುತ್ತಿದ್ದರೇನೋ, ಅಷ್ಟು ಸಿದ್ಧರಾದರು. ಕೈ ಬೀಸಿತು. ಒಂದು ಬೆರಳು ದೂರದಲ್ಲಿ ಗಕ್ಕನೆ ನಿಂತಿತು. ಇನ್ನೊಮ್ಮೆ. ಅದೇ ಜಾಗ. ಮತ್ತೊಮ್ಮೆ. ಗಾಜಿನ ಗೋಡೆ ಇದೆಯೇನೋ ಅನ್ನುವ ಹಾಗೆ.

"ಲೋ, ಹೊಡಿಯೋ" ಎಂದು ಜೋಡಿ ಅಂಕಲ್ ಪಿಸುಗುಟ್ಟಿದರು.

"ಕೈ ಹೋಗ್ತಿಲ್ಲ ಕಣೋ."

"ಕೋಪ ಬರ್ಸ್ಕೊ. ನಿನ್ ಹೆಂಡ್ತಿ ಮಾಡೋ ಉಪ್ಪಿಟ್ಟು ಸಿಮೆಂಟು."

"ಅದ್ ನಿಜ ತಾನೆ. ಅದಕ್ಯಾಕ್ ಹೊಡೀಲಿ?"

"ಪ್ಯಾಂಟ್ ಜ್ಞಾಪಿಸ್ಕೊ. ಅವತ್ ಬಟ್ಟೆ ಮಿಗ್ಸಿ ನಮ್ ಹುಡುಗನ್ಗೆ ಚಡ್ಡಿ ಹೊಲ್ದಿದ್ದೆ ನಾನು."

"ಗೊತ್ತು. ಅವ್ನ್ ಹಾಕ್ಕೊಂಡಿದ್ನಲ್ಲ, ಚೆನ್ನಾಗೇ ಇತ್ತು."

"ಹೋಗ್ಲಿ, ನನ್ ಕೆನ್ನೆ ಮೇಲೆ ಸೊಳ್ಳೆ ಕೂತಿದೆ ಅಂದ್ಕೊ."

ಸೊಳ್ಳೆಯ ವಿಷಯ ನಿಮಗೆ ಮೊದಲೇ ಹೇಳಿದ್ದೇನೆ.

ಸೂರ್ಯ ತೋಟದ ಹಿಂದಕ್ಕೆ ಜಾರತೊಡಗಿದ. ಹೀರೋ ಗಡಿಯಾರ ನೋಡಿಕೊಂಡರು. ನಿರ್ದೇಶಕರು ಒಳ್ಳೆಯ ಮನುಷ್ಯ, ಗದರಲಿಲ್ಲ. ಮಾವನನ್ನು ಬೇವಿನ ಮರದ ಹತ್ತಿರಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಏನೋ ಹೇಳಿದರು. ಮಾವ ತಲೆಯಾಡಿಸಿದರು. ವಾಪಸು ಬಂದು ಕೋಟಿನ ಗುಂಡಿ ಬಿಚ್ಚತೊಡಗಿದರು. ಫೈಟ್ ಮಾಸ್ಟರ್ ಕಡೆಯ ಒಬ್ಬ ದಾಂಡಿಗ ಓನರ್ ಆಗಬೇಕೆಂದು ತೀರ್ಮಾನವಾಗಿತ್ತು.

"ನಡಿ ಮನೆಗೆ" ಎಂದರು ಜೋಡಿ ಅಂಕಲ್. "ಇಬ್ರು ಅಂತ ಮಾತಾಗಿತ್ತು."

"ನೀನ್ ಮಾಡು."

"ಉದ್ದ ಇರೋರು ಇಲ್ದಿದ್ರೆ..."

"ಸುಮ್ನಿರೋ. ಅಷ್ಟ್ ವರ್ಷ ಮೆಟ್ಲು ಹತ್ತಿದೀವಿ. ಒಬ್ರಾದ್ರೂ ಕಾಣಿಸ್ಬೇಕು. ನಿನ್ ಕೆನ್ನೆ ಕಂಡ್ರೆ ನನ್ ಕೈ ಕಂಡಂಗೇ."

ಕೋಟು ಆ ದಾಂಡಿಗನ ಮೈಗೆ ಹತ್ತಲಿಲ್ಲ. ಯಾರಿಗಾದರೂ ಹೊಲಿಗೆ ಬರುತ್ತದಾ ಎಂದು ಕಾಸ್ಟ್ಯೂಮಿನವರು ಕೂಗಿದರು. ಜೋಡಿ ಅಂಕಲ್ ಅಭ್ಯಾಸಬಲದಿಂದ ಕೈ ಎತ್ತಿಬಿಟ್ಟರು. ತಮ್ಮ ಕಪಾಳಕ್ಕೆ ಹೊಡೆಯುವವನ ಎದೆಯ ಅಳತೆಯನ್ನು ತಾವೇ ತೆಗೆದುಕೊಂಡು, ಗೆಳೆಯನಿಗೆಂದು ಹೊಲಿದ ಕೋಟಿನ ಮಗ್ಗುಲು ತಾವೇ ಬಿಚ್ಚಿ, ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯನ್ನು ಬಿಡಿಸಿ ಹೊಲಿದರು. ಇಂಥ ಕಾಮಿಡಿ ನಾನು ಯಾವ ಸಿಡಿಯಲ್ಲೂ ನೋಡಿಲ್ಲ. ನಗು ಮಾತ್ರ ಬರಲಿಲ್ಲ.

ಏಟು ಬಿತ್ತು. ನಿಜವಾದ ಏಟಿಗೆ ಸದ್ದೇ ಇರುವುದಿಲ್ಲ ಎಂದು ನನಗೆ ಅಂದು ಗೊತ್ತಾಯಿತು. 'ಪಿಚ್' ಎಂದಿತು, ಅಷ್ಟೇ. ಜೋಡಿ ಅಂಕಲ್ ಸುತ್ತಲಿಲ್ಲ, ಬೀಳಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನಿಂತಲ್ಲೇ ನಿಂತು, ಕಣ್ಣು ತುಂಬಿಕೊಂಡು, ಎಡಗಡೆಗೆ ಏನನ್ನೋ ಹುಡುಕುವ ಹಾಗೆ ನೋಡಿದರು.

"ಎಕ್ಸ್‌ಪ್ರೆಶನ್ ಸಖತ್" ಎಂದರು ನಿರ್ದೇಶಕರು. "ಓಕೆ. ಪ್ಯಾಕಪ್."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಜೋಡಿ ಅಂಕಲ್‌ರ ಕೆನ್ನೆ ಅತ್ತೆಯ ಪೂರಿಯ ಹಾಗೆ ಉಬ್ಬಿತ್ತು.

"ನೋಯ್ತಿದೆಯೇನೋ?"

"ಮುಟ್ಟಿ ನೋಡು."

ಮಾವ ಕೈ ಎತ್ತಿದರು. ಅದು ಕೆನ್ನೆಯ ಹತ್ತಿರ ಹೋಗಿ, ಒಂದು ಬೆರಳು ದೂರದಲ್ಲಿ ನಿಂತಿತು. ಬಸ್ಸು ಅಷ್ಟು ಕುಲುಕುತ್ತಿದ್ದರೂ ಆ ಒಂದು ಬೆರಳು ಹೆಚ್ಚುಕಮ್ಮಿ ಆಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ಕೈ ತೊಡೆಯ ಮೇಲಕ್ಕೆ ವಾಪಸು ಬಂತು.

"ಇಷ್ಟ್ ವರ್ಷ ಸುಳ್ಳು ಏಟಿಗೆ ಎಷ್ಟ್ ಚೆನ್ನಾಗ್ ಒದ್ದಾಡ್ತಿದ್ದೆ" ಎಂದರು ಜೋಡಿ ಅಂಕಲ್. "ನಿಜದ್ದು ಬಿದ್ದಾಗ ಆಕ್ಟಿಂಗೇ ಮರ್ತೋಯ್ತು ಗುರು."

ಆಮೇಲಿನ ಭಾನುವಾರ ದೋಸೆಗೆ ಬಂದರು. ಚಟ್ನಿಗೆ ಉಪ್ಪು ಸಾಲದು ಎಂದು ಹೇಳಲಿಲ್ಲ. ಅತ್ತೆಗೆ ಅದೇ ಚಿಂತೆಯಾಯಿತು.

ಸಿನಿಮಾ ಬಿಡುಗಡೆಯಾದ ವಾರ ಮ್ಯಾಟಿನಿಗೆ ಎಲ್ಲರೂ ಹೋದೆವು. ಬರಲ್ಲ ಎಂದ ಮಾವನನ್ನು ಜೋಡಿ ಅಂಕಲ್ ಎಳೆದುಕೊಂಡೇ ಬಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಹೋಟೆಲ್ ಸೀನು ಬಂತು. ಕಾಫಿ ಚೆಲ್ಲಿತು. ಜೋಡಿ ಅಂಕಲ್‌ರ ಮುಖ ಪರದೆಯ ತುಂಬ. ಕಂದು ಕೋಟಿನ ತೋಳೊಂದು ಬೀಸಿ ಬಂತು, ಸ್ಪೀಕರುಗಳೆಲ್ಲ ಸೇರಿ 'ಪಟಾರ್' ಎಂದವು. ಮಾವ ಕೂತಲ್ಲೇ ಬೆಚ್ಚಿದರು.

"ನನ್ ಚಪ್ಪಾಳೆನೇ ವಾಸಿ ಇತ್ತು" ಎಂದು ಜೋಡಿ ಅಂಕಲ್ ಗೊಣಗಿದರು.

ನಾವೆಲ್ಲ ಅಷ್ಟಕ್ಕೇ ಕತ್ತರಿಸಿರುತ್ತಾರೆ ಎಂದುಕೊಂಡಿದ್ದೆವು. ಕತ್ತರಿಸಿರಲಿಲ್ಲ. ಪರದೆಯ ಮೇಲೆ ಆ ದೊಡ್ಡ ಮುಖ ನಿಧಾನವಾಗಿ ಎಡಗಡೆಗೆ ತಿರುಗಿತು, ತುಂಬಿದ ಕಣ್ಣುಗಳು ಫ್ರೇಮಿನ ಆಚೆ ಯಾರನ್ನೋ ಹುಡುಕಿದವು, ಸಿಕ್ಕಿದ ಮೇಲೆ ಅಲ್ಲೇ ನಿಂತವು.

"ಹೀರೋನ ನೋಡ್ತಾವ್ನೆ ಮಗಾ, ಕಾಪಾಡು ಅಂತ" ಎಂದ ಹಿಂದಿನ ಸಾಲಿನವನೊಬ್ಬ ಪಕ್ಕದವನಿಗೆ.

ಹೀರೋ ಅಂದು ನಿಂತಿದ್ದದ್ದು ಬಲಗಡೆ. ಎಡಗಡೆ ಇದ್ದದ್ದು ಒಂದು ಬೇವಿನ ಮರ. ಅದರ ಕೆಳಗೆ ಕೋಟು ಬಿಚ್ಚಿ ಕೊಟ್ಟು, ಚಿತ್ರಾನ್ನದ ಖಾಲಿ ಕ್ಯಾರಿಯರ್ ಹಿಡಿದುಕೊಂಡು ನಿಂತಿದ್ದ ನಮ್ಮ ಮಾವ.

ಅದು ಮಾವನಿಗೂ ಹೊಳೆಯಿತು ಎಂದು ಕಾಣುತ್ತದೆ. ಪರದೆಯ ಬೆಳಕಿನಲ್ಲಿ ಅವರ ಬಲಗೈ ಮೇಲೆದ್ದದ್ದು ನನಗೆ ಕಂಡಿತು. ಪಕ್ಕದ ಸೀಟಿನ ಕೆನ್ನೆಯ ಹತ್ತಿರ ಹೋಯಿತು, ಒಂದು ಬೆರಳು ದೂರದಲ್ಲಿ ಎಂದಿನಂತೆ ನಿಂತಿತು. ಜೋಡಿ ಅಂಕಲ್‌ರ ಎರಡೂ ಅಂಗೈಗಳು ಎಂದಿನಂತೆ ಸೊಂಟದ ಪಕ್ಕ ಎದ್ದವು.

"ಅಂಕಲ್, ಕೈ ಕೆಳಗಿಳ್ಸಿ, ಕಾಣ್ತಿಲ್ಲ" ಎಂದಿತು ಹಿಂದಿನ ಸಾಲು.

ಮಾವ ಇಳಿಸಲಿಲ್ಲ. ಆ ಒಂದು ಬೆರಳು ದೂರವನ್ನು ದಾಟಿದರು. ಬಾಗಿಲು ತಟ್ಟಲಾರದ, ಸೊಳ್ಳೆ ಕೊಲ್ಲಲಾರದ ಆ ಕೈ, ಏಟು ಬಿದ್ದಿದ್ದ ಕೆನ್ನೆಯ ಮೇಲೆ ಮೆತ್ತಗೆ ಕೂ‍ತಿತು.

ಜೋಡಿ ಅಂಕಲ್ ಚಪ್ಪಾಳೆ ತಟ್ಟಲಿಲ್ಲ. ಸೀನು ಬದಲಾದ ಮೇಲೂ ಕೈ ಅಲ್ಲೇ ಇತ್ತು.